ಹತ್ತೊಂಬತ್ತು ಕೊಂಬೆಗಳ ಜವಾಬು

ಈ ಊರಿನಲ್ಲಿ ನಾನು ಹತ್ತದ ಮರವಿಲ್ಲ. ಹತ್ತದೆ ಉಳಿದವು ಒಂದೆರಡು ಇದ್ದರೆ, ಅವು ನಾನು ಬಂದೇ ಬರುತ್ತೇನೆಂದು ಕಾದು ನಿಂತಿರುವವು. ಸಮುದ್ರದ ದಂಡೆಯ ಊರು ನಮ್ಮದು. ವರ್ಷಕ್ಕೆರಡು ಸಲ ಬಿರುಗಾಳಿ ಬಂದು ಯಾವ ಹಂಚು ಯಾರ ಮನೆಯದು ಎಂಬುದೇ ಗೊತ್ತಾಗದ ಹಾಗೆ ಮಾಡಿ ಹೋಗುತ್ತದೆ. ಹೋದ ವರ್ಷದ ಗಾಳಿಗೆ ಒಂದು ಕೋಳಿಗೂಡು, ಹನ್ನೆರಡು ಕೋಳಿಗಳ ಸಮೇತ, ಮೂರು ಬೀದಿ ದಾಟಿ ಅಂಚೆ ಕಚೇರಿಯ ತಾರಸಿಯ ಮೇಲೆ ಇಳಿಯಿತು. ಮಾರನೆಯ ಬೆಳಿಗ್ಗೆ ಅವು ಅಲ್ಲೇ ಮೊಟ್ಟೆ ಇಟ್ಟವು. ಹಾರಿದ್ದು ಒಂದೇ ಬೀದಿ, ಇದ್ದದ್ದು ಒಂದೇ ಕೋಳಿ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳು ಮೊದಲಿನಿಂದಲೂ ಹಾಗೆಯೇ, ಎಲ್ಲವನ್ನೂ ಕಡಿಮೆ ಮಾಡಿ ಹೇಳುವ ಚಾಳಿ.

ಇಂಥ ಊರಿನಲ್ಲಿ ಮನೆಯ ಪಕ್ಕ ಐವತ್ತು ಅರವತ್ತು ವರ್ಷದ ಮರ ಇಟ್ಟುಕೊಂಡವರು ಗಾಳಿಕಾಲ ಬರುವ ಮೊದಲು ನನ್ನನ್ನು ಕರೆಸುತ್ತಾರೆ. ನಾನು ಮರ ಕಡಿಯುವವನಲ್ಲ, ಸವರುವವನು. ಕಡಿಯುವುದಕ್ಕೆ ಕೊಡಲಿಯಿದ್ದರೆ ಸಾಕು. ಸವರುವುದಕ್ಕೆ, ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಹೇಳುತ್ತೇನೆ, ಪ್ರತಿಭೆ ಬೇಕು. ದಟ್ಟವಾದ ಮರವೆಂದರೆ ಗಾಳಿಗೆ ಅದೊಂದು ಗೋಡೆ. ತಳ್ಳುತ್ತದೆ, ಬೀಳಿಸುತ್ತದೆ. ಅಲ್ಲಲ್ಲಿ ಕೊಂಬೆ ತೆಗೆದು ಕಿಟಕಿಗಳನ್ನು ಬಿಟ್ಟರೆ ಗಾಳಿ ಒಳಗೆ ಬಂದು, ಕಾಲು ಒರೆಸಿಕೊಂಡು, ಆ ಕಡೆಯಿಂದ ಹೋಗುತ್ತದೆ. ಯಾವ ಕಿಟಕಿ ಎಲ್ಲಿ ಎನ್ನುವುದರಲ್ಲೇ ಎಲ್ಲ ಇರುವುದು.

ನಾನು ಮೇಲೆ, ಹೆಂಡತಿ ಕೆಳಗೆ. ಇಪ್ಪತ್ತು ವರ್ಷದಿಂದ ನಮ್ಮ ಸಂಸಾರ ಹೀಗೇ ಸಾಗಿದೆ. ನನ್ನ ಸೊಂಟದಿಂದ ಇಳಿದ ಹಗ್ಗದ ತುದಿ ಅವಳ ಕೈಯಲ್ಲಿ. ಸಮುದ್ರದ ಗಾಳಿಗೆ ಕೂಗಿದ್ದು ಕೇಳಿಸುವುದಿಲ್ಲವಾದ್ದರಿಂದ ಮಾತೆಲ್ಲ ಹಗ್ಗದಲ್ಲೇ. ಒಂದು ಎಳೆತ ಎಂದರೆ ನಿಲ್ಲಿಸು. ಎರಡು ಎಂದರೆ ಸರಿ, ಮುಂದುವರಿಸು. ಮೂರು ಎಂದರೆ ಈ ಕ್ಷಣವೇ ಕೆಳಗಿಳಿ. ಮದುವೆಯಾದ ಮೊದಲ ವರ್ಷ ಈ ಭಾಷೆಯನ್ನು ಮನೆಯಲ್ಲೂ ಬಳಸೋಣ ಎಂದು ನಾನು ಸಲಹೆ ಕೊಟ್ಟಿದ್ದೆ. ಅವಳು ಆಗ ಮೂರು ಸಲ ಎಳೆದದ್ದು ಹಗ್ಗವನ್ನಲ್ಲ, ನನ್ನ ಕಿವಿಯನ್ನು.

ಈ ವರ್ಷ ಪುರಸಭೆ ಹೊಸ ಆಜ್ಞೆ ಹೊರಡಿಸಿತ್ತು. ಮನೆಗಿಂತ ಎತ್ತರವಿರುವ ಪ್ರತಿಯೊಂದು ಮರವನ್ನೂ ತಪಾಸಣೆಯವನು ಬಂದು ನೋಡುತ್ತಾನೆ. ಸರಿಯಾಗಿ ಸವರಿದ್ದರೆ ಕಾಂಡಕ್ಕೆ ಬಿಳಿ ಪಟ್ಟೆ. ಇಲ್ಲದಿದ್ದರೆ ಕೆಂಪು ಗೀಟು. ಕೆಂಪು ಗೀಟು ಬಿದ್ದ ಮರವನ್ನು ಸೋಮವಾರದ ದಿನ ಯಂತ್ರ ತಂದು ಬುಡಕ್ಕೆ ಕೊಯ್ಯುತ್ತಾರೆ. ಅರ್ಜಿ, ಮೇಲ್ಮನವಿ, ಅಳು ಯಾವುದೂ ನಡೆಯುವುದಿಲ್ಲ. ಆ ವಾರ ನನಗೆ ಬಂದ ಕರೆಗಳನ್ನು ಎಣಿಸುವುದಕ್ಕೇ ಒಬ್ಬ ಗುಮಾಸ್ತ ಬೇಕಿತ್ತು.

ಕರೆದವರಲ್ಲಿ ಔಷಧಿ ಅಂಗಡಿಯವನೂ ಒಬ್ಬ. ಅವನ ಹಿತ್ತಲಿನಲ್ಲಿ ಒಂದು ಮಳೆಮರ. ಗೋಡೆಯಾಚೆ ಪಕ್ಕದ ಮನೆಯಲ್ಲಿ ಅದರ ಜೋಡಿಯೋ ಎಂಬಂತೆ ಇನ್ನೊಂದು ಮಳೆಮರ. ಆ ಪಕ್ಕದ ಮನೆಯಿದೆಯಲ್ಲ, ಅಲ್ಲಿಗೆ ನಾನು ಕಾಲಿಡುವ ಹಾಗಿರಲಿಲ್ಲ. ಅದು ದೊಡ್ಡ ಟೀಚರ್ ಮನೆ.

ದೊಡ್ಡ ಟೀಚರ್ ಎಂದರೆ ನಮ್ಮ ಊರಿನ ಶಾಲೆಯಲ್ಲಿ ನಲವತ್ತು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು. ಆಳು ಐದು ಅಡಿಯೂ ಇಲ್ಲ. ಆದರೆ ಅವರು ಕನ್ನಡಕ ತೆಗೆದು ಒರೆಸತೊಡಗಿದರೆ ಪೊಲೀಸ್ ಸ್ಟೇಷನ್ನಿನ ಫೌಜುದಾರ ಕೂಡ ಬೆರಳ ಉಗುರು ನೋಡಿಕೊಳ್ಳುತ್ತಾನೆ. ಇಪ್ಪತ್ತೆರಡು ವರ್ಷದ ಹಿಂದೆ ಅವರ ಮನೆಯ ಮುಂದೆಯೂ ಒಂದು ಮರವಿತ್ತು. ಆಗ ತಾನೇ ಕಸುಬು ಶುರು ಮಾಡಿದ್ದ ಒಬ್ಬ ಹುಡುಗಾಟಿಕೆಯವನು ಗಾಳಿಗೆ ಬೀಳದ ಹಾಗೆ ಮಾಡುತ್ತೇನೆಂದು ಅದರ ತಲೆಯನ್ನೇ ಕತ್ತರಿಸಿ ಕಂಬ ಮಾಡಿ ನಿಲ್ಲಿಸಿದ. ಮರ ಗಾಳಿಗೆ ಬೀಳಲಿಲ್ಲ, ನಿಜ. ಮೂರು ವರ್ಷ ಒಳಗೊಳಗೇ ಕೊಳೆತು ತಾನಾಗಿಯೇ ಬಿತ್ತು. ಆ ಹುಡುಗಾಟಿಕೆಯವನು ಯಾರೆಂದು ಹೇಳಿ ಅವನ ಮರ್ಯಾದೆ ಕಳೆಯುವುದು ನನಗೆ ಇಷ್ಟವಿಲ್ಲ. ಅವನಿಗೆ ಹೆಂಡತಿಯಿದ್ದಾಳೆ, ಅವಳು ಹಗ್ಗ ಹಿಡಿಯುತ್ತಾಳೆ, ಇಷ್ಟು ಸಾಕು.

ಅಂದಿನಿಂದ ಉಳಿದ ಒಂದು ಮರವನ್ನು ಟೀಚರ್ ಯಾರಿಗೂ ಮುಟ್ಟಗೊಡಲಿಲ್ಲ. ಪುರಸಭೆಯ ಆಜ್ಞೆ ಬಂದ ಮೇಲೂ ಅಷ್ಟೇ. ಮರ ಆರೋಗ್ಯವಾಗಿದೆ, ಅದಕ್ಕೆ ಕತ್ತಿ ತಾಗಿಸುವುದು ಬೇಡ ಎಂದು ಅವರು ಕಚೇರಿಗೆ ಹದಿನಾರು ಪತ್ರ ಬರೆದಿದ್ದರು. ಕಚೇರಿಯವರು ಕೊಟ್ಟ ಉತ್ತರಗಳಲ್ಲಿದ್ದ ಕಾಗುಣಿತದ ತಪ್ಪುಗಳನ್ನು ತಿದ್ದಿ ವಾಪಸು ಕಳಿಸಿದ್ದರು. ಇಡೀ ಬೀದಿಗೆ ಗೊತ್ತಿತ್ತು, ಆ ಮರಕ್ಕೆ ಕೆಂಪು ಗೀಟು ಖಂಡಿತ ಎಂದು. ಟೀಚರ್‌ಗೂ ಗೊತ್ತಿತ್ತು. ಆದರೂ ನನ್ನಂಥವನ ಗರಗಸಕ್ಕೆ ಒಪ್ಪಿಸುವುದಕ್ಕಿಂತ ಪತ್ರ ಬರೆಯುತ್ತಲೇ ಇರುವುದು ವಾಸಿ ಎಂದುಕೊಂಡಿದ್ದರು.

ಆ ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ನಾನು ಔಷಧಿ ಅಂಗಡಿಯವನ ಮರ ಹತ್ತಿದೆ. ಮರದ ಎತ್ತರ ಸುಮಾರು ನೂರೈವತ್ತು ಅಡಿ. ಹೆಂಡತಿಯನ್ನು ಕೇಳಿದರೆ ನಲವತ್ತೈದು ಅನ್ನುತ್ತಾಳೆ, ಆದರೆ ಹತ್ತಿದವನು ನಾನು. ನೆತ್ತಿಯ ಒಳಗೆ ನುಗ್ಗಿದ ಮೇಲೆ ಸುತ್ತಲೂ ಹಸಿರು ಬಿಟ್ಟರೆ ಬೇರೇನೂ ಕಾಣದು. ಎಲೆಗಳು ನನ್ನನ್ನು ನುಂಗಿ ಬಾಯಿ ಮುಚ್ಚಿಕೊಂಡ ಹಾಗೆ. ಅಲ್ಲಿ ನನ್ನ ಕೈಗೆ ಹದ ಹತ್ತಿತು. ಅಂಥ ದಿನ ಗರಗಸ ತಾನೇ ಮುಂದೆ ಹೋಗುತ್ತದೆ, ನಾನು ಹಿಂದಿನಿಂದ ಹೋದರೆ ಸಾಕು. ಒಂದು ಕೊಂಬೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಮಣಿಕಟ್ಟಿನಷ್ಟು ದಪ್ಪದವನ್ನು ಹಾಗೇ ಕೆಳಗೆ ಬಿಟ್ಟೆ. ತೆರೆಯ ಸದ್ದಿನಲ್ಲಿ ಅವು ಬಿದ್ದ ಸದ್ದೂ ಕೇಳಲಿಲ್ಲ.

ಒಂಬತ್ತೂವರೆಯ ಹೊತ್ತಿಗೆ ಹಗ್ಗ ಮೂರು ಸಲ ಜಗ್ಗಿತು. ಎಲ್ಲೋ ಕಡ್ಡಿಗೆ ಸಿಕ್ಕಿರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ ಮೂರು. ಆಮೇಲೆ ಇನ್ನೂ ಮೂರು. ಒಟ್ಟು ಒಂಬತ್ತು. ನಮ್ಮ ಭಾಷೆಯಲ್ಲಿ ಒಂಬತ್ತಕ್ಕೆ ಅರ್ಥವೇ ಇಲ್ಲ. ಇಪ್ಪತ್ತು ವರ್ಷದ ಮೇಲೆ ಕೊನೆಗೂ ಹೆಂಡತಿ ನನ್ನ ಕೆಲಸ ಮೆಚ್ಚಿ ಚಪ್ಪಾಳೆ ತಟ್ಟುತ್ತಿದ್ದಾಳೆ ಎಂದು ನಾನು ಅರ್ಥ ಮಾಡಿಕೊಂಡೆ. ಮೆಚ್ಚುಗೆ ಬಂದ ಮೇಲೆ ಕೈ ನಿಲ್ಲುತ್ತದೆಯೇ? ಇನ್ನೂ ಎಂಟು ಕೊಂಬೆ ತೆಗೆದೆ.

ಕೆಲಸ ಮುಗಿಸಿ ಹಿಂದಕ್ಕೆ ವಾಲಿ ನೋಡಿದರೆ, ದೇವರಾಣೆಗೂ ಹೇಳುತ್ತೇನೆ, ಅಷ್ಟು ಚೆಂದದ ಕೆಲಸ ನನ್ನ ಜೀವಮಾನದಲ್ಲಿ ಮಾಡಿರಲಿಲ್ಲ. ಬೆಳಕು ಸೋಸಿ ಬರುತ್ತಿತ್ತು. ಎಲ್ಲೂ ಹರಿದ ಗಾಯವಿಲ್ಲ, ಮೋಟು ಇಲ್ಲ. ಹಾಡಿಕೊಂಡೇ ಕಾಂಡದಿಂದ ಜಾರಿ ಕೆಳಗಿಳಿದೆ. ಕಾಲು ನೆಲಕ್ಕೆ ತಾಗಿತು. ಔಷಧಿ ಅಂಗಡಿಯವನ ಹಿತ್ತಲಿನಲ್ಲಿ ಸಿಮೆಂಟು ನೆಲ. ಇಲ್ಲಿ ಹುಲ್ಲು. ಅವನ ಹಿತ್ತಲಿನಲ್ಲಿ ಖಾಲಿ ಡಬ್ಬಗಳ ರಾಶಿ. ಇಲ್ಲಿ ಸಾಲಾಗಿ ಹೂವಿನ ಕುಂಡ, ಪ್ರತಿಯೊಂದಕ್ಕೂ ನಂಬರು. ಎದುರಿಗೆ ಕೊಡೆ ಹಿಡಿದು ನಿಂತವರು ದೊಡ್ಡ ಟೀಚರ್.

ಮರ ಹತ್ತದವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಕೆಳಗೆ ನಿಂತವರಿಗೆ ಎರಡು ಮರ, ನಡುವೆ ಗೋಡೆ. ಮೇಲೆ ಗೋಡೆಯಿಲ್ಲ. ಅರವತ್ತು ವರ್ಷ ಅಕ್ಕಪಕ್ಕ ಬೆಳೆದು ಎರಡೂ ಮರಗಳ ಕೊಂಬೆಗಳು ಒಂದರ ಕಂಕುಳಲ್ಲಿ ಒಂದು ಕೈ ಹಾಕಿ ಕೂತಿದ್ದವು. ನಾನು ಯಾವುದೋ ಒಂದು ಕೊಂಬೆಯಿಂದ ಇನ್ನೊಂದಕ್ಕೆ ಕಾಲಿಟ್ಟಾಗ ಒಬ್ಬರ ಆಸ್ತಿಯಿಂದ ಇನ್ನೊಬ್ಬರ ಆಸ್ತಿಗೆ ದಾಟಿದ್ದೆ. ಒಂಬತ್ತು ಸಲ ಎಳೆದದ್ದು ಚಪ್ಪಾಳೆಯಲ್ಲ.

ಗೋಡೆಯ ಮೇಲೆ ಹೆಂಡತಿಯ ತಲೆ ಕಾಣಿಸಿತು. ಡಬ್ಬದ ಮೇಲೆ ಹತ್ತಿ ನಿಂತಿದ್ದಳು. ಕೈಯಲ್ಲಿ ಇನ್ನೂ ಹಗ್ಗ.

"ರೀ, ಹಗ್ಗ ಗೋಡೆ ದಾಟಿತು ಅಂತ ಆವಾಗ್ಲಿಂದ ಎಳೀತಾ ಇದೀನಿ."

"ಕಡ್ಡಿಗೆ ಸಿಕ್ಕಿದೆ ಅಂದ್ಕೊಂಡೆ ಕಣೇ."

"ಮೂರು ಸಲ ಕಡ್ಡಿಗೆ ಸಿಗುತ್ತಾ?"

ಟೀಚರ್ ಕನ್ನಡಕ ತೆಗೆದು ಸೆರಗಿನ ತುದಿಯಿಂದ ಒರೆಸತೊಡಗಿದರು. ನಾನು ಬೆರಳ ಉಗುರು ನೋಡಿಕೊಂಡೆ. ಅವರು ಅಂದು ಬೆಳಿಗ್ಗೆ ಹದಿನೇಳನೆಯ ಪತ್ರ ಕೊಡುವುದಕ್ಕೆ ಪುರಸಭೆಗೆ ಹೋಗಿದ್ದರು. ಮರವನ್ನು ಮುಟ್ಟಬೇಡಿ ಎಂದು ಬೇಡಿಕೊಂಡು, ಸಂಜೆ ನಾಲ್ಕಕ್ಕೆ ತಪಾಸಣೆ ಎಂಬ ಚೀಟಿ ಹಿಡಿದು ವಾಪಸು ಬರುವಷ್ಟರಲ್ಲಿ ಮರವನ್ನು ನಾನು ಮುಟ್ಟಿ ಮುಗಿಸಿದ್ದೆ.

"ನೀನೇ," ಎಂದರು ಟೀಚರ್. ಅಷ್ಟೇ.

"ಟೀಚರ್, ದಿಕ್ಕು ತಪ್ಪಿತು. ಇಡೀ ದಂಡೆಯಲ್ಲಿ ನನ್ನಷ್ಟು ಮರ ಹತ್ತಿದವನು ಇನ್ನೊಬ್ಬ ಇಲ್ಲ, ಅಂಥವನಿಗೇ..."

"ಎಷ್ಟು?"

"ಸಾವಿರದ ಮುನ್ನೂರು ಮರ ಆಗಿರಬಹುದು."

"ನನ್ನ ಮರದಿಂದ ಎಷ್ಟು ಕೊಂಬೆ ತೆಗೆದೆ ಅಂತ ಕೇಳಿದ್ದು."

ಹುಲ್ಲಿನ ಮೇಲೆ ಬಿದ್ದಿದ್ದನ್ನು ಎಣಿಸಿದೆವು. ಹತ್ತೊಂಬತ್ತು. ಔಷಧಿ ಅಂಗಡಿಯವನ ಮರದಿಂದ ತೆಗೆದದ್ದು ಬರೀ ಹದಿಮೂರು. ಅವನೂ ಆಗ ಗೋಡೆಯ ಮೇಲೆ ತಲೆ ಹಾಕಿದ.

"ಏನಣ್ಣಾ, ನನ್ನ ಮರಕ್ಕೆ ಅರ್ಧ ಕ್ಷೌರ ಮಾಡಿ ಅವರ ಮರಕ್ಕೆ ಮಾಲೀಷು ಮಾಡ್ತಾ ಕೂತಿದೀಯಾ?"

ಟೀಚರ್ ಅವನ ಕಡೆ ಬರೀ ನೋಡಿದರು. ತಲೆ ಕೆಳಗೆ ಹೋಯಿತು.

ಆಗ ನಾನು ಮೊದಲ ಸಲ ದೂರ ಸರಿದು ನಿಂತು ಟೀಚರ್ ಮರವನ್ನು ಪೂರ್ತಿಯಾಗಿ ನೋಡಿದೆ. ಮರದ ಅರ್ಧ ಮಾತ್ರ ಹಗುರಾಗಿತ್ತು, ಗೋಡೆಯ ಕಡೆಯ ಅರ್ಧ. ಆ ಕಡೆಗೇ ಸಮುದ್ರ. ಉಳಿದರ್ಧ, ಮನೆಯ ಮೇಲೆ ಚಾಚಿದ್ದು, ಮೊದಲಿನಷ್ಟೇ ದಟ್ಟ. ಹೆಗಲ ಮೇಲೆ ಒಂದೇ ಕಡೆ ಮೂಟೆ ಹೊತ್ತ ಮನುಷ್ಯನ ಹಾಗೆ ಮರ ಮನೆಯ ಕಡೆಗೆ ವಾಲಿ ನಿಂತಿತ್ತು. ಸಮುದ್ರದಿಂದ ಗಾಳಿ ಬಂದು ತಳ್ಳಿದರೆ ಅದು ಬೀಳುವುದು ಟೀಚರ್ ಮಲಗುವ ಕೋಣೆಯ ಮೇಲೆಯೇ. ಬೆಳಿಗ್ಗೆಯವರೆಗೆ ಬೀಳುವುದಿದ್ದದ್ದು ಕೆಂಪು ಗೀಟು ಮಾತ್ರ. ಈಗ ಮರವೂ ಬೀಳುವುದಿತ್ತು.

ಇದನ್ನು ಹೇಳದೆ ಜಾರಿಕೊಳ್ಳಬಹುದಿತ್ತು. ಹೆಂಡತಿ ಗೋಡೆಯ ಮೇಲಿಂದ ನೋಡುತ್ತಿದ್ದಳು. ಹೇಳಿದೆ.

"ಟೀಚರ್, ಇನ್ನರ್ಧವನ್ನೂ ಸವರದೇ ಇದ್ದರೆ ಮರ ಉಳಿಯಲ್ಲ. ತಪಾಸಣೆಯವನು ಬಿಟ್ಟರೂ ಗಾಳಿ ಬಿಡಲ್ಲ."

"ಅಂದರೆ ನೀನು ತಪ್ಪು ಮಾಡಿದ್ದಕ್ಕೆ ಇನ್ನೂ ಅಷ್ಟೇ ತಪ್ಪು ಮಾಡೋಕೆ ನಾನು ಒಪ್ಪಬೇಕು."

"ಹೌದು, ಟೀಚರ್."

ಅವರು ಗಡಿಯಾರ ನೋಡಿದರು. ಹನ್ನೊಂದು ಗಂಟೆ. ಆಮೇಲೆ ಹೆಂಡತಿಯನ್ನು ಕರೆದರು. "ನೀನು ಈ ಕಡೆ ಬಾಮ್ಮ. ಇವನ್ನೆಲ್ಲ ಸಾಲಾಗಿ ಇಡು."

ಹತ್ತೊಂಬತ್ತು ಕೊಂಬೆಗಳೂ ಹುಲ್ಲಿನ ಮೇಲೆ ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾದವು. ಟೀಚರ್ ಮೊದಲ ಕೊಂಬೆಯ ಹತ್ತಿರ ಹೋಗಿ ಕೊಡೆಯ ತುದಿಯಿಂದ ಅದನ್ನು ಮುಟ್ಟಿದರು.

"ಇದನ್ನ ಯಾಕೆ ತೆಗೆದೆ?"

"ನನ್ನ ಅನುಭವದ ಪ್ರಕಾರ, ಟೀಚರ್, ಒಂದು ಸಲ ನೋಡಿದರೆ ಸಾಕು, ಮರದ ನಾಡಿ..."

"ಕೇಳಿದ್ದಕ್ಕೆ ಉತ್ತರ."

"ಒಣಗಿತ್ತು." ಉಗುರಿನಿಂದ ತೊಗಟೆ ಕೆರೆದು ತೋರಿಸಿದೆ. ಒಳಗೆ ಕಂದು, ಹಸಿರಿಲ್ಲ.

"ಇದು?"

"ಇದೂ ಆ ಮೂರನೇದೂ ಒಂದಕ್ಕೊಂದು ಉಜ್ಜುತ್ತಾ ಇದ್ದವು. ಇಲ್ಲಿ ಗಾಯ ನೋಡಿ. ಸುಮ್ಮನೆ ಬಿಟ್ಟರೆ ಎರಡೂ ಕೊಳೀತವೆ."

"ಎರಡನ್ನೂ ಯಾಕೆ ತೆಗೆದೆ? ಒಂದು ತೆಗೆದಿದ್ದರೆ ಜಗಳ ನಿಲ್ತಿರಲಿಲ್ವಾ?"

"ಉಳಿದದ್ದರ ಒಳಗೂ ಕೊಳೆ ಇಳಿದಿತ್ತು. ತಿರುಗಿಸಿ ನೋಡಿ."

ತಿರುಗಿಸಿ ನೋಡಿದರು. ಮುಂದೆ ಹೋದರು. ಐದನೆಯದು ಉದ್ದಕ್ಕೆ ಬೆಳೆದು ಎಲೆಯೆಲ್ಲ ತುದಿಯಲ್ಲೇ ಇದ್ದದ್ದು, ಗಾಳಿಗೆ ಚಾಟಿಯ ಹಾಗೆ ಬೀಸಿ ಬುಡ ಕೀಳುವಂಥದ್ದು. ಎಂಟನೆಯದರ ಬುಡ ಕಾಂಡದಲ್ಲಿ ಸರಿಯಾಗಿ ಬೇರೂರಿರಲಿಲ್ಲ, ನಡುವೆ ತೊಗಟೆ ಸಿಕ್ಕಿಕೊಂಡು ಬರೀ ಒರಗಿಕೊಂಡಿತ್ತು. ಒಂದೊಂದಕ್ಕೂ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಆಶ್ಚರ್ಯವಾಯಿತು. ಮೇಲೆ ಕೂತಾಗ ಕೈ ಮಾಡಿದ್ದಕ್ಕೆಲ್ಲ ಕೆಳಗೆ ಬಾಯಿಯಲ್ಲಿ ಕಾರಣವಿತ್ತು. ಹೆಂಡತಿ ಕೈಕಟ್ಟಿ ನಿಂತು ಕೇಳುತ್ತಿದ್ದಳು. ನಾನು ಎಲ್ಲಿ ಕೊಂಬೆಯ ಉದ್ದಕ್ಕೆ ಅಡಿ ಸೇರಿಸಿ ಹೇಳುತ್ತೇನೋ ಅಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.

ಹದಿನಾಲ್ಕನೆಯದರ ಮೇಲೆ ಕೊಡೆ ನಿಂತಿತು.

"ಇದು?"

ನಾನು ಬಗ್ಗಿ ನೋಡಿದೆ. ನೇರವಾದ ಕೊಂಬೆ. ತೊಗಟೆ ನುಣುಪು. ಎಲೆ ಹಸಿರು. ಬುಡ ಗಟ್ಟಿ. ಯಾವುದಕ್ಕೂ ಉಜ್ಜಿದ್ದಿಲ್ಲ, ಯಾರಿಗೂ ಅಡ್ಡ ಬಂದದ್ದಿಲ್ಲ. ತಿರುಗಿಸಿ ನೋಡಿದೆ. ಆ ಕಡೆಯೂ ಅಷ್ಟೇ. ಕಾರಣ ಹುಟ್ಟಿಸುವುದು ನನಗೆ ಕಷ್ಟದ ಕೆಲಸವಲ್ಲ. ನಾಲ್ಕು ಕಾರಣ ನಾಲಗೆಯ ತುದಿಗೆ ಬಂದು ಸಾಲಾಗಿ ನಿಂತಿದ್ದವು, ಅದರಲ್ಲಿ ಒಂದರಲ್ಲಂತೂ ಹುಳುವಿತ್ತು. ಟೀಚರ್ ಕಾಯುತ್ತಿದ್ದರು. ನಲವತ್ತು ವರ್ಷ ಉತ್ತರಕ್ಕೆ ಕಾದವರಿಗೆ ಕಾಯುವುದು ಗೊತ್ತು.

"ಇದನ್ನ ತೆಗೀಬಾರದಿತ್ತು."

"ಮತ್ತೆ ಯಾಕೆ ತೆಗೆದೆ?"

"ಗರಗಸ ಚೆನ್ನಾಗಿ ಓಡ್ತಾ ಇತ್ತು, ಟೀಚರ್."

ಗೋಡೆಯಾಚೆ ಕದ್ದು ಕೇಳುತ್ತಿದ್ದ ಔಷಧಿ ಅಂಗಡಿಯವನ ಡಬ್ಬವೊಂದು ಉರುಳಿತು.

ಟೀಚರ್ ಕೊಡೆಯನ್ನು ಆ ಕೊಂಬೆಯ ಮೇಲಿಂದ ಎತ್ತಿದರು. ಆಮೇಲೆ ಮನೆಯ ಮುಂಬದಿಗೆ, ಹಳೆಯ ಮರವಿದ್ದ ಜಾಗದ ಕಡೆಗೆ ತಿರುಗಿ ಹೇಳಿದರು. "ಆವತ್ತು ಆ ಮರ ಯಾಕೆ ಸಾಯ್ತಿದೆ ಅಂತ ನಿನ್ನ ಕೇಳಿದ್ದೆ. ಮಣ್ಣು ಸರಿಯಿಲ್ಲ ಅಂದೆ. ನೀರು ಉಪ್ಪು ಅಂದೆ. ಮರದ ಜಾತಿಯೇ ಅಂಥದ್ದು ಅಂದೆ."

ನಾನು ಹದಿನೈದನೆಯ ಕೊಂಬೆಯ ಪಕ್ಕಕ್ಕೆ ಸರಿದು ನಿಂತೆ.

ಉಳಿದ ಐದನ್ನು ಅವರು ಬೇಗ ಬೇಗ ಕೇಳಿ ಮುಗಿಸಿದರು. ಹನ್ನೆರಡೂವರೆಯಾಗಿತ್ತು. ಕೊಡೆಯನ್ನು ಗೋಡೆಗೆ ಒರಗಿಸಿ ಹೆಂಡತಿಯ ಮುಂದೆ ಕೈ ಚಾಚಿದರು.

"ಹಗ್ಗ ಕೊಡಮ್ಮ. ಎಳೆಯೋದು ಹೇಗೆ ಅಂತ ಹೇಳಿಕೊಡು." ನನ್ನ ಕಡೆ ತಿರುಗಿದರು. "ಹತ್ತು. ನಾನು ಎರಡು ಸಲ ಎಳೆಯೋವರೆಗೂ ಒಂದು ಎಲೆಯನ್ನೂ ಮುಟ್ಟಬಾರದು."

ಆಮೇಲಿನ ಮೂರು ಗಂಟೆಯ ಕಥೆಯನ್ನು ನನ್ನ ಶತ್ರುವಿಗೂ ಬೇಡ ಎನ್ನುತ್ತೇನೆ. ಒಂದೊಂದು ಕೊಂಬೆಯ ಮೇಲೂ ಗರಗಸ ಇಟ್ಟು, ಕೆಳಗೆ ನೋಡಿ, ಕಾಯಬೇಕು. ಟೀಚರ್ ಕತ್ತು ಹಿಂದಕ್ಕೆ ವಾಲಿಸಿ ನೋಡುವರು. ಹೆಂಡತಿಯ ಹತ್ತಿರ ಏನೋ ಕೇಳುವರು. ಅವಳು ಕೈಯಾಡಿಸಿ ವಿವರಿಸುವಳು. ಆಮೇಲೆ ಎರಡು ಎಳೆತ. ಕೆಲವು ಸಲ ಒಂದು. ಒಂದು ಸಲ, ನಾನು ಕೇಳುವುದಕ್ಕೆ ಮೊದಲೇ ಗರಗಸ ತಾನಾಗಿ ಒಂದೆಳೆ ಓಡಿತು ನೋಡಿ, ಅದಕ್ಕೆ ಬಿದ್ದ ಎಳೆತಕ್ಕೆ ನಾನು ಕೊಂಬೆಯಿಂದ ಅರ್ಧ ಅಡಿ ಮೇಲೆ ಹಾರಿ ಕೂತೆ. ನಲವತ್ತು ವರ್ಷ ಕಪ್ಪುಹಲಗೆ ಒರೆಸಿದ ಕೈ ಅದು.

ಕೊನೆಗೆ ಉಳಿದದ್ದು ಒಂದೇ, ಜಗಲಿಯ ಮೇಲೆ ಚಾಚಿದ ಉದ್ದನೆಯ ಕೊಂಬೆ. ತೊಡೆಯಷ್ಟು ದಪ್ಪ. ಅದರ ಮೇಲೆ ಗರಗಸ ಇಟ್ಟ ಕೂಡಲೇ ಹಗ್ಗ ಒಂದು ಸಲ ಜಗ್ಗಿತು. ಬೇಡ. ಕೆಳಗೆ ನೋಡಿದೆ. ಜಗಲಿಯಲ್ಲಿ ಬೆತ್ತದ ಕುರ್ಚಿಯೊಂದಿತ್ತು. ಆ ಕೊಂಬೆಯ ನೆರಳು ನೇರ ಅದರ ಮೇಲೆ ಬೀಳುತ್ತಿತ್ತು. ಟೀಚರ್ ಉತ್ತರ ಪತ್ರಿಕೆ ತಿದ್ದುತ್ತಿದ್ದದ್ದು ಅಲ್ಲೇ. ಊರಿನ ಅರ್ಧ ಜನ ಪಾಸಾದದ್ದೋ ಫೇಲಾದದ್ದೋ ಆ ಕುರ್ಚಿಯಲ್ಲಿ, ಆ ನೆರಳಿನಲ್ಲಿ. ನಾನೂ ಲೆಕ್ಕದಲ್ಲಿ ಫೇಲಾದದ್ದು ಅಲ್ಲೇ ಇರಬೇಕು.

ವಾದ ಮಾಡುವುದಕ್ಕೆ ಹಗ್ಗದಲ್ಲಿ ಮಾತಿಲ್ಲ. ಗರಗಸವನ್ನು ಸೊಂಟಕ್ಕೆ ಸಿಕ್ಕಿಸಿದೆ. ಮೇಲಿನ ಕವಲಿಗೆ ಭದ್ರವಾಗಿ ಕಟ್ಟಿಕೊಂಡು ಆ ಕೊಂಬೆಯ ಮೇಲೆ ನಿಂತು, ಮೊಣಕಾಲು ಮಡಚಿ, ಒಮ್ಮೆ ಮೆಲ್ಲಗೆ ಕುಪ್ಪಳಿಸಿದೆ. ಕೊಂಬೆಯ ಬುಡದಲ್ಲಿ, ಮೇಲ್ಮೈಯಿಂದ ಮಗ್ಗುಲಿಗೆ ಇಳಿದ ಒಂದು ಬಿರುಕು ಬಾಯಿ ತೆರೆಯಿತು. ಮತ್ತೆ ಮುಚ್ಚಿತು. ಮತ್ತೊಮ್ಮೆ ಕುಪ್ಪಳಿಸಿದೆ. ಮತ್ತೆ ತೆರೆಯಿತು. ನನ್ನ ನಾಲ್ಕು ಬೆರಳು ಹೋಗುವಷ್ಟು. ಹೆಂಡತಿ ಒಂದು ಬೆರಳಿನಷ್ಟು ಅನ್ನುತ್ತಾಳೆ. ಒಂದು ಬೆರಳೇ ಸಾಕಿತ್ತು.

ಹಗ್ಗ ಸಡಿಲವಾಗಿ ನಿಂತಿತ್ತು. ಟೀಚರ್ ಬಿರುಕನ್ನು ನೋಡಿದರು. ಕುರ್ಚಿಯನ್ನು ನೋಡಿದರು. ಹೆಂಡತಿ ಕುರ್ಚಿಯನ್ನು ಎತ್ತಿ ಜಗಲಿಯ ಇನ್ನೊಂದು ತುದಿಗೆ, ಗೋಡೆಯ ನೆರಳಿಗೆ ಇಟ್ಟಳು. ಟೀಚರ್ ಅಲ್ಲಿ ಹೋಗಿ ಕೂತು ನೋಡಿದರು. ಎದ್ದು ಬಂದರು. ಎರಡು ಸಲ ಎಳೆದರು, ಎಷ್ಟು ಮೆಲ್ಲಗೆಂದರೆ ಎಲೆ ಉದುರಿದ್ದೋ ಏನೋ ಎಂದುಕೊಳ್ಳಬೇಕು.

ಆ ಕೊಂಬೆಯನ್ನು ನಾನು ಮೂರು ತುಂಡಾಗಿ, ಮಗುವನ್ನು ತೊಟ್ಟಿಲಿಗೆ ಇಳಿಸುವಂತೆ ಹಗ್ಗದಲ್ಲಿ ಇಳಿಸಿದೆ. ಒಂದು ಕುಂಡವೂ ಅಲುಗಲಿಲ್ಲ.

ತಪಾಸಣೆಯವನು ನಾಲ್ಕಕ್ಕೆ ಹತ್ತು ನಿಮಿಷ ಮೊದಲೇ ಬಂದ. ಊರಲ್ಲಿ ಅವನಿಗೆ ಟೇಪಪ್ಪ ಎಂದೇ ಹೆಸರು, ಅಳತೆಯ ಟೇಪು ಕುತ್ತಿಗೆಯಿಂದ ಇಳಿಯುವುದೇ ಇಲ್ಲ. ಮರದ ಸೊಂಟ ಅಳೆದ. ಮನೆಗೆ ದೂರ ಅಳೆದ. ಕಾಂಡಕ್ಕೆ ಬೆನ್ನು ಕೊಟ್ಟು ಮೇಲೆ ನೋಡಿ, "ಆಕಾಶ ಕಾಣ್ತಿದೆ," ಎಂದು ಗೊಣಗಿದ. ಅವನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಈವರೆಗೆ ಬಂದಿಲ್ಲ. ಆಮೇಲೆ ಫಾರಂ ತೆಗೆದ.

"ಮಾಲೀಕರ ಇಚ್ಛೆಯಂತೆ ಸವರಲಾಗಿದೆ. ಹೌದೋ ಇಲ್ಲವೋ?"

"ಅರ್ಧ," ಎಂದರು ಟೀಚರ್.

"ಅಂದ್ರೆ?"

"ಆ ಅರ್ಧ ನನ್ನ ಇಚ್ಛೆಗೆ ವಿರುದ್ಧವಾಗಿ. ಈ ಅರ್ಧ ನನ್ನ ಇಚ್ಛೆಯಂತೆ."

ನಾನು ಕಣ್ಣುಸನ್ನೆ ಮಾಡಿದೆ, ಕೆಮ್ಮಿದೆ, ಕಾಲಿನಿಂದ ಹುಲ್ಲು ಕೆರೆದೆ. ಒಂದು ಹೌದು ಎಂದರೆ ಮರ ಉಳಿಯುತ್ತಿತ್ತು. ಇಲ್ಲ ಎಂದರೆ ಅಕ್ರಮ ಕಡಿತವೆಂದು ಟೇಪಪ್ಪ ಕಡತ ತೆರೆಯುತ್ತಿದ್ದ, ಕಡತ ಮುಚ್ಚುವುದರೊಳಗೆ ಸೋಮವಾರ ಬಂದು ಯಂತ್ರ ಬರುತ್ತಿತ್ತು. ಆದರೆ ಸುಳ್ಳು ಹೇಳುವ ಅಭ್ಯಾಸ ಬೇಕಾದ ಹೊತ್ತಿಗೆ ಬರುವಂಥದ್ದಲ್ಲ, ನನ್ನ ಹಾಗೆ ದಿನಾ ಸಾಧನೆ ಮಾಡಬೇಕು.

"ಮೇಡಂ, ಹೌದು ಇಲ್ಲ ಎರಡೇ ಮನೆ ಇರೋದು. ಅರ್ಧಕ್ಕೆ ಮನೆಯಿಲ್ಲ."

"ಹಾಗಾದರೆ ಫಾರಂ ತಪ್ಪು. ಕೊಡಿ ಇಲ್ಲಿ."

ಅವನು ಕೊಟ್ಟ. ಯಾಕೆ ಕೊಟ್ಟೆ ಎಂದು ಅವನಿಗೆ ಇಂದಿಗೂ ಗೊತ್ತಿಲ್ಲ. ಟೀಚರ್ ಕುರ್ಚಿಯಲ್ಲಿ ಕೂತು, ಎರಡು ಚೌಕಗಳ ಪಕ್ಕದಲ್ಲಿ ಸ್ಕೇಲಿಟ್ಟು ಮೂರನೆಯ ಚೌಕ ಎಳೆದು, ಅದರ ಮುಂದೆ 'ಕಡಿತ ತಪ್ಪಿನಿಂದ ಆರಂಭವಾಗಿ ಒಪ್ಪಿಗೆಯಿಂದ ಪೂರ್ಣಗೊಂಡಿದೆ' ಎಂದು ದುಂಡಾಗಿ ಬರೆದು, ಸರಿ ಗುರುತು ಹಾಕಿ, ಸಹಿ ಮಾಡಿದರು. ಟೇಪಪ್ಪ ಅದನ್ನು ಎರಡು ಸಲ ಓದಿ, ಒಂದಕ್ಷರವೂ ತಪ್ಪಿಲ್ಲದ್ದು ನೋಡಿ, ನಿಟ್ಟುಸಿರು ಬಿಟ್ಟ.

"ಇನ್ನು ಸವರಿದವರ ಸಹಿ. ಈ ಗಾಳಿಕಾಲದಲ್ಲಿ ಮರ ಬಿದ್ದರೆ ಜವಾಬ್ದಾರಿ ನಿಮ್ಮದು. ಅಷ್ಟೇ ಅಲ್ಲ, ಬಿದ್ದರೆ ಆಮೇಲೆ ಈ ಊರಲ್ಲಿ ಗರಗಸ ಹಿಡಿಯೋ ಹಾಗಿಲ್ಲ."

ಇಂಥ ಮಾತಿಗೆ ಸಾಮಾನ್ಯವಾಗಿ ನಾನು ನಗುತ್ತೇನೆ. ನಾನು ಸವರಿದ ಮರ ಬೀಳುವುದೇ, ಗಾಳಿಯೇ ಅಡ್ಡ ಬೀಳುತ್ತದೆ ಎಂದು ಹೇಳಿ, ಅರ್ಧ ಹಾಳೆ ತುಂಬುವಂತೆ ಸಹಿ ಮಾಡುತ್ತೇನೆ. ಅಂದು ಟೀಚರ್ ನೋಡುತ್ತಿದ್ದರು. ಮತ್ತೊಮ್ಮೆ ಮರದ ಸುತ್ತ ಬಂದೆ. ಬುಡದ ಮಣ್ಣು ಮುಟ್ಟಿದೆ. ಹದಿನಾಲ್ಕನೆಯ ಕೊಂಬೆ ಇದ್ದ ಜಾಗವನ್ನು ಕತ್ತೆತ್ತಿ ನೋಡಿದೆ. ಬಂದು ಸಹಿ ಮಾಡಿದೆ. ಇರುವೆಯಷ್ಟೇ ಇತ್ತು. ಹೆಂಡತಿ ಅದನ್ನು ನೋಡಿ ನನ್ನ ಹಣೆ ಮುಟ್ಟಿದಳು, ಜ್ವರವಿದೆಯೋ ಎಂದು.

ಟೇಪಪ್ಪ ಬಿಳಿ ಬಣ್ಣದ ಡಬ್ಬಿ ತೆಗೆದು ಪಟ್ಟೆ ಎಳೆದ. ಮಾರನೆಯ ದಿನ ಔಷಧಿ ಅಂಗಡಿಯವನ ಮರವನ್ನೂ ಮುಗಿಸಿಕೊಟ್ಟೆ. ಅವನ ಗೊಣಗಾಟ ಮಾತ್ರ ಇನ್ನೂ ಮುಗಿದಿಲ್ಲ.

ಗಾಳಿ ಬಂದದ್ದು ಹನ್ನೊಂದನೆಯ ದಿನ, ಬೆಳಿಗ್ಗೆ ಹತ್ತಕ್ಕೆ. ಎಚ್ಚರಿಕೆಯ ಸೈರನ್ ಕೂಗಿದಾಗ ಜನರೆಲ್ಲ ಬಾಗಿಲು ಭದ್ರಪಡಿಸುತ್ತಿದ್ದರೆ ನಾನು ಚಪ್ಪಲಿ ಹುಡುಕುತ್ತಿದ್ದೆ.

"ಎಲ್ಲಿಗೆ?" ಎಂದಳು ಹೆಂಡತಿ.

"ಟೀಚರ್ ಒಬ್ಬರೇ ಇದಾರೆ. ಹೆದರ್ಕೋಬಹುದು."

"ಅವರು ಹೆದರ್ಕೋತಾರಾ?" ಎಂದಳು. ಆದರೆ ಅವಳೂ ಕೊಡೆ ತೆಗೆದುಕೊಂಡಳು.

ಟೀಚರ್ ಬಾಗಿಲು ತೆಗೆದು, ಯಾಕೆ ಬಂದಿರಿ ಎಂದು ಕೇಳದೆ, ಮಲಗುವ ಕೋಣೆಗೆ ಕರೆದುಕೊಂಡು ಹೋದರು. ಮರ ಚೆನ್ನಾಗಿ ಕಾಣುವುದು ಅಲ್ಲಿಂದಲೇ. ಬಿದ್ದರೆ ಬೀಳುವುದೂ ಅಲ್ಲಿಗೇ. ಇದನ್ನು ತಿಳಿಸಲು ಬಾಯಿ ತೆರೆದೆ.

"ಗೊತ್ತು," ಎಂದರು. "ಕೂತ್ಕೋ. ಮಾತಾಡಬೇಡ."

ಮಂಚದ ಅಂಚಿನಲ್ಲಿ ಮೂವರೂ ಸಾಲಾಗಿ ಕೂತೆವು. ಕಿಟಕಿಯ ಗಾಜಿಗೆ ಟೀಚರ್ ಅಡ್ಡಡ್ಡ ಕಾಗದ ಅಂಟಿಸಿದ್ದರು, ಹಳೆಯ ಉತ್ತರ ಪತ್ರಿಕೆಗಳು. ಒಂದು ಕಡೆ ಯಾರದೋ ನಲವತ್ತಕ್ಕೆ ಆರು ಕಾಣುತ್ತಿತ್ತು. ಮೊದಲು ಸದ್ದು ಬಂತು. ಆಮೇಲೆ ಬೀದಿಯಲ್ಲಿ ಒಂದು ತಗಡು ಓಡಿಹೋಯಿತು. ಆಮೇಲೆ ಗಾಳಿ ಮರದ ಮೇಲೆ ಬಿತ್ತು.

ಮರ ಇಡಿಯಾಗಿ ನಮ್ಮ ಕಡೆಗೆ ಬಾಗಿತು. ಕೊಂಬೆಗಳು ಕಿಟಕಿಗೆ ಇಷ್ಟು ಹತ್ತಿರ. ಹೆಂಡತಿ ನನ್ನ ಮೊಣಕೈ ಹಿಡಿದಳು. ನಾನು ಟೀಚರ್ ಮೊಣಕೈ ಹಿಡಿದಿದ್ದೆನೆಂದು ಆಮೇಲೆ ಗೊತ್ತಾಯಿತು. ಬಾಗಿದ ಮರ ಅಲ್ಲಿಯೇ ಒಂದು ಕ್ಷಣ ನಿಂತಿತು. ಎಲೆಗಳೆಲ್ಲ ಬೆನ್ನು ತಿರುಗಿಸಿದವು. ಆಮೇಲೆ ನಾವು ಬಿಟ್ಟ ಕಿಟಕಿಗಳಲ್ಲಿ ಗಾಳಿ ತೂರತೊಡಗಿತು. ಕಣ್ಣಿಗೇ ಕಾಣುತ್ತಿತ್ತು, ಈ ಕಡೆಯ ಎಲೆ ಹಾರುವುದು, ನಡುವೆ ಖಾಲಿ, ಆ ಕಡೆಯ ಎಲೆ ಹಾರುವುದು. ಮರ ಮೆಲ್ಲಗೆ ಎದ್ದು ನಿಂತಿತು. ಮತ್ತೆ ಬಾಗಿತು. ಮತ್ತೆ ಎದ್ದಿತು. ಎರಡೂವರೆ ಗಂಟೆಯ ಕಾಲ ಹೀಗೆಯೇ, ಮತ್ತು ಆ ಎರಡೂವರೆ ಗಂಟೆಯಲ್ಲಿ ನಾನು ಒಂದೇ ಒಂದು ಮಾತೂ ಆಡಲಿಲ್ಲ. ಇದನ್ನು ಮಾತ್ರ ಹೆಂಡತಿಯೂ ಕಡಿಮೆ ಮಾಡದೆ ಹೇಳುತ್ತಾಳೆ.

ಗಾಳಿ ನಿಂತ ಮೇಲೆ ಹೊರಗೆ ಬಂದೆವು. ಅಂಗಳದ ತುಂಬ ಎಲೆ. ಏಳು ಮತ್ತು ಹನ್ನೊಂದನೆಯ ನಂಬರಿನ ಕುಂಡ ಉರುಳಿದ್ದವು. ನಾನು ಮೊಣಕಾಲೂರಿ ಬುಡದ ಸುತ್ತಲಿನ ಮಣ್ಣಿನಲ್ಲಿ ಅಂಗೈ ಆಡಿಸುತ್ತಾ ಪೂರ್ತಿ ಒಂದು ಸುತ್ತು ಬಂದೆ. ಬೇರು ಅಲುಗಿದ್ದರೆ ಮಣ್ಣು ಸೀಳುತ್ತದೆ, ಉಬ್ಬುತ್ತದೆ. ಎಲ್ಲೂ ಸೀಳಿಲ್ಲ, ಉಬ್ಬಿಲ್ಲ.

"ಹೇಳು," ಎಂದರು ಟೀಚರ್.

"ನಿಂತಿದೆ."

ಅವರು ಕಾದರು. ನಾನು ಕೈಯ ಮಣ್ಣು ಒರೆಸಿಕೊಂಡೆ.

"ಅಷ್ಟೇನಾ?"

"ಅಷ್ಟೇ, ಟೀಚರ್."

"ಮೇಡಂ," ಎಂದಳು ಹೆಂಡತಿ, "ಇವರನ್ನ ಹೀಗೇ ಮನೆಗೆ ಕರ್ಕೊಂಡು ಹೋಗೋಕೆ ನನಗೆ ಭಯ ಆಗ್ತಿದೆ."

ಟೀಚರ್ ನಕ್ಕರು. ಅವರ ಹಲ್ಲನ್ನು ಊರಿನಲ್ಲಿ ಯಾರೂ ನೋಡಿದ ದಾಖಲೆಯಿಲ್ಲ. ನಾನು ಎಣಿಸಿದೆ, ಮೂವತ್ತೆರಡೂ ಇದ್ದವು.

ಹೆಂಡತಿ ಸುಮ್ಮನೆ ಭಯಪಟ್ಟಿದ್ದಳು. ಬೀದಿಯ ಮೊದಲ ತಿರುವಿನಲ್ಲಿ ಹಾಲಿನವನು ಸಿಕ್ಕ. ಗಾಳಿಯ ವೇಗ ಗಂಟೆಗೆ ಇನ್ನೂರು ಮೈಲಿಯಿತ್ತು ಎಂದು ಅವನಿಗೆ ಹೇಳಿದೆ. ಎರಡನೆಯ ತಿರುವಿನ ಹೊತ್ತಿಗೆ ಅದು ನಾನೂರಾಗಿತ್ತು.